ಎಂಟು ತಿಂಗಳ ಮಗುವನ್ನು ಕರೆದುಕೊಂಡು ವಿಮಾನದಲ್ಲಿ ಪ್ರವಾಸ ಹೋಗೋದು ತುಂಬಾ ಕಷ್ಟನಾ?

ಮಂಡ್ಯದಿಂದ ಕೇಳಿದ್ದೀರಿ. ಎಂಟು ತಿಂಗಳ ಮಗು, ಡಿಸೆಂಬರ್ ಕೊನೆಗೆ ಅತ್ತೆ ಮಾವನ ಜೊತೆ ದೆಹಲಿ ಪ್ರವಾಸ, ಟಿಕೆಟ್ ಇನ್ನೂ ತೆಗೆದಿಲ್ಲ, ಮಗು ವಿಮಾನದಲ್ಲಿ ಅತ್ತರೆ ಏನು ಗತಿ ಅಂತ ಈಗಲೇ ಹೊಟ್ಟೆಯಲ್ಲಿ ಸಂಕಟ. ಟಿಕೆಟ್ ತೆಗೆದಿಲ್ಲ ಅನ್ನೋದೇ ಇದರಲ್ಲಿ ಒಳ್ಳೆ ಸುದ್ದಿ. ನಮ್ಮ ಅರ್ಧ ಪಾಡು ಶುರುವಾಗಿದ್ದು ಟಿಕೆಟ್ ಬುಕ್ ಮಾಡಿದ ಕ್ಷಣದಲ್ಲಿ.

ನಾವು ಮೈಸೂರಿನವರು. ಮಗಳಿಗೆ ಆಗ ಒಂಬತ್ತು ತಿಂಗಳು. ದಸರಾ ರಜೆಯಲ್ಲಿ ಊರಿಗೆ ಊರೇ ಮೈಸೂರಿಗೆ ಬರುವಾಗ ನಾವು ಮೈಸೂರು ಬಿಟ್ಟು ದೆಹಲಿಗೆ ಹೊರಟೆವು. ನಾವಿಬ್ಬರು, ಮಗಳು, ಅತ್ತೆ, ಮಾವ, ನಾದಿನಿ, ಅವಳ ಗಂಡ, ಅವಳ ಒಂದೂವರೆ ವರ್ಷದ ಮಗ. ನಮ್ಮನೆಯವರು ಒಂದು ವಾರ ಫೋನ್ ಹಿಡಿದು ಕೂತು, ಬೆಳಗ್ಗೆ ಆರೂ ಮುಕ್ಕಾಲರ ವಿಮಾನ ಹುಡುಕಿದರು. ತಲೆಗೆ ಸಾವಿರದ ಚಿಲ್ಲರೆ ಕಮ್ಮಿ ಅಂತ ಬಹಳ ಖುಷಿ.

ಮೈಸೂರಿನಿಂದ ದೇವನಹಳ್ಳಿ ಹತ್ತಿರದ ಏರ್‌ಪೋರ್ಟಿಗೆ ಸುಮಾರು 180 ಕಿಲೋಮೀಟರ್. ಮಂಡಕಳ್ಳಿಯಲ್ಲಿ ನಮ್ಮದೇ ಏರ್‌ಪೋರ್ಟ್ ಇದೆ ನಿಜ, ಆದರೆ ಅದರ ರನ್‌ವೇ ಗಿಡ್ಡ. ಎಟಿಆರ್ ಥರದ ಚಿಕ್ಕ ವಿಮಾನಗಳಷ್ಟೇ ಬಂದುಹೋಗುತ್ತವೆ, ದೆಹಲಿಗೆ ನೇರ ಹೋಗೋ ದೊಡ್ಡ ವಿಮಾನ ಅಲ್ಲಿ ಇಳಿಯಲ್ಲ. ಹಾಗಾಗಿ ಲೆಕ್ಕ ಹಾಕಿ: ರಸ್ತೆಗೆ ನಾಲ್ಕು ಗಂಟೆ, ಎರಡು ಗಂಟೆ ಮೊದಲೇ ಅಲ್ಲಿರಬೇಕು. ಆರೂ ಮುಕ್ಕಾಲರ ವಿಮಾನ ಅಂದರೆ ರಾತ್ರಿ ಹನ್ನೆರಡೂವರೆಗೆ ಮನೆ ಬಿಡಬೇಕು. ಅದು ಬೆಳಗಿನ ವಿಮಾನ ಅಲ್ಲ, ಶಿವರಾತ್ರಿ ಜಾಗರಣೆ.

ಒಂಬತ್ತಕ್ಕೆ ಮಲಗೋ ಮಗುವನ್ನು ಹನ್ನೆರಡಕ್ಕೆ ಎಬ್ಬಿಸಿ, ಸ್ವೆಟರ್ ಹಾಕಿ, ಟೋಪಿ ಕಟ್ಟಿ, ಅತ್ತೆ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಟೆಂಪೋ ಟ್ರಾವೆಲರ್ ಹತ್ತಿಸಿದೆವು. ಗಣಂಗೂರು ಟೋಲ್ ದಾಟೋ ಹೊತ್ತಿಗೆ ಪೂರ್ತಿ ಎಚ್ಚರ, ರಾಮನಗರ ಬರೋ ಹೊತ್ತಿಗೆ ವಾಂತಿ. ಹಳೇ ರಸ್ತೆಯಲ್ಲಾದರೆ ಮದ್ದೂರಲ್ಲೋ ಚನ್ನಪಟ್ಟಣದಲ್ಲೋ ಎಲ್ಲಾದರೂ ಒಂದು ಹೋಟೆಲ್ ಮುಂದೆ ನಿಲ್ಲಿಸಬಹುದಿತ್ತು. ಈ ಹೊಸ ಹೈವೇ ಊರುಗಳನ್ನೆಲ್ಲ ತಪ್ಪಿಸಿಕೊಂಡು ಹೋಗುತ್ತೆ. ಬೇಲಿ ಹಾಕಿದ ರಸ್ತೆ, ಅನ್ನಿಸಿದ ಕಡೆ ಬದಿಗೆ ಹಾಕೋ ಹಾಗಿಲ್ಲ, ಸರ್ವೀಸ್ ರಸ್ತೆಗೆ ಇಳಿಯೋ ದಾರಿ ಬರೋವರೆಗೂ ಕಾಯಬೇಕು. ಅಷ್ಟರಲ್ಲಿ ನನ್ನ ಕುರ್ತಾ, ಮಗಳ ಸ್ವೆಟರ್, ಸೀಟು ಎಲ್ಲಾ ಆಗಿಹೋಗಿತ್ತು. ನನ್ನ ಬದಲಿ ಬಟ್ಟೆ ಹಿಂದೆ ದೊಡ್ಡ ಸೂಟ್‌ಕೇಸಿನಲ್ಲಿ, ಏಳು ಬ್ಯಾಗಿನ ಅಡಿಯಲ್ಲಿ. ಮಗುವಿಗೆ ಎರಡು ಜೊತೆ ಬಟ್ಟೆ ಕೈಚೀಲದಲ್ಲಿ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ಅಮ್ಮನಿಗೆ ಒಂದು ಜೊತೆ ಅಂತ ಯಾರೂ ಹೇಳಲ್ಲ. ನಾನು ಹೇಳ್ತಿದ್ದೀನಿ.

ನೀವು ಮಧ್ಯಾಹ್ನ ಹನ್ನೊಂದು, ಹನ್ನೆರಡರ ಆಸುಪಾಸಿನ ವಿಮಾನ ನೋಡಿ. ಮಂಡ್ಯದಿಂದ ಐದೂವರೆ, ಆರಕ್ಕೆ ಹೊರಟರೆ ಸಾಕು, ಮಗು ಅರ್ಧ ದಾರಿ ಬೆಳಗಿನ ನಿದ್ದೆಯಲ್ಲೇ ಕಳೆಯುತ್ತೆ. ಡಿಸೆಂಬರ್ ಕೊನೆ ಅಂತ ಬೇರೆ ಹೇಳಿದ್ದೀರಿ. ಆಗ ದೆಹಲಿಯಲ್ಲಿ ಮಂಜು ಕವಿದು ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡ ಆಗೋದು ಪ್ರತಿ ವರ್ಷದ ಕಥೆ. ಬಿಸಿಲು ಏರಿದ ಮೇಲೆ ಇಳಿಯೋ ವಿಮಾನಕ್ಕೆ ಆ ಕಾಟ ಕಮ್ಮಿ. ಆದರೂ ಮಗುವಿನ ಊಟ, ಡೈಪರ್ ಮೂರು ಗಂಟೆ ಲೆಕ್ಕದಲ್ಲಿ ತಗೊಳ್ಳಬೇಡಿ. ಎಂಟು ಗಂಟೆ ಲೆಕ್ಕ ಇರಲಿ.

ಏರ್‌ಪೋರ್ಟಿನ ಬಾಗಿಲಲ್ಲಿ ಮಗುವಿನ ವಯಸ್ಸಿನ ದಾಖಲೆ ಕೇಳಿದರು. ಎರಡು ವರ್ಷ ತುಂಬೋವರೆಗೆ ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು, ಬೇರೆ ಸೀಟು ಕೊಡಲ್ಲ, ಅದಕ್ಕೊಂದು ಸಣ್ಣ ದರ ಇರುತ್ತೆ, ಆದರೆ ವಯಸ್ಸು ತೋರಿಸಲೇಬೇಕು. ಜನನ ಪ್ರಮಾಣಪತ್ರ ಮನೆಯ ಬೀರುವಿನಲ್ಲಿ. ನಮ್ಮನೆಯವರ ಮುಖ ಬಿಳಿಚಿಕೊಂಡಿತು. ಆಗ ಅತ್ತೆ ತಮ್ಮ ಪ್ಲಾಸ್ಟಿಕ್ ಕವರಿನಿಂದ ತಾಯಿ ಕಾರ್ಡ್ ತೆಗೆದರು. ದೆಹಲಿಯಲ್ಲಿ ಮಗುವಿಗೆ ಜ್ವರ ಬಂದರೆ ಡಾಕ್ಟರಿಗೆ ಲಸಿಕೆ ತೋರಿಸಬೇಕಲ್ಲ ಅಂತ ಇಟ್ಟುಕೊಂಡಿದ್ದರಂತೆ. ಲಸಿಕೆ ಪುಟದಲ್ಲಿ ಹುಟ್ಟಿದ ತಾರೀಕು ಇತ್ತು, ಬಿಟ್ಟರು. ನೀವು ಎರಡನ್ನೂ ಇಟ್ಟುಕೊಳ್ಳಿ.

ಅದೇ ಅತ್ತೆ ಹತ್ತು ನಿಮಿಷದಲ್ಲಿ ಇನ್ನೊಂದು ಕಡೆ ಸಿಕ್ಕಿಬಿದ್ದರು. ದೆಹಲಿಯಲ್ಲಿರೋ ನೆಂಟರಿಗೆ ಅಂತ ಸೂಟ್‌ಕೇಸಿನಲ್ಲಿ ಎರಡು ಕೆಜಿ ಕೊಬ್ಬರಿ ತುಂಬಿದ್ದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ 2022ರಿಂದ ಚೆಕ್‌ ಇನ್ ಸಾಮಾನಿನಲ್ಲಿ ಅದಕ್ಕೆ ನಿಷೇಧ. ನಮಗೆ ಎಲ್ಲಿ ಗೊತ್ತು. ಬ್ಯಾಗ್ ಬಿಚ್ಚಿಸಿ ತೆಗೆಸಿದರು. "ನೆಂಟ್ರು ಮನೇಗೆ ಬರೀ ಕೈಲಿ ಹೋಗಕಾಯ್ತದಾ?" ಅಂತ ಅತ್ತೆ ಕೌಂಟರಿನ ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು. ಆ ಹುಡುಗಿ ಹಿಂದಿಯವಳು. ಮಗಳು ನನ್ನ ಹೆಗಲ ಮೇಲೆ ಕೊಸರಾಡುತ್ತಿದ್ದಳು, ಹಿಂದೆ ಸಾಲು ಬೆಳೆಯುತ್ತಿತ್ತು. ಇಡೀ ಪ್ರವಾಸದಲ್ಲಿ ನನಗೆ ಅಳು ಬಂದಿದ್ದು ಅಲ್ಲೇ, ವಿಮಾನದಲ್ಲಿ ಅಲ್ಲ. ನಿಮ್ಮ ಮನೆ ಹಿರಿಯರ ಸೂಟ್‌ಕೇಸನ್ನು ಹಿಂದಿನ ರಾತ್ರಿ ಮೆಲ್ಲಗೆ ಒಮ್ಮೆ ನೋಡಿಬಿಡಿ. ಬೇಜಾರಾದರೆ ಮನೆಯಲ್ಲೇ ಆಗಲಿ.

ಸೆಕ್ಯೂರಿಟಿ ಬಗ್ಗೆ ಹೆದರಬೇಡಿ. ಮಗುವಿನ ಹಾಲು, ಬಿಸಿನೀರು, ಊಟಕ್ಕೆ ತಡೆ ಇಲ್ಲ, ಫ್ಲಾಸ್ಕಿನ ಮುಚ್ಚಳ ತೆಗೆಸಿ ನೋಡಿ ಬಿಟ್ಟರು. ಹೆಂಗಸರಿಗೆ ಪರದೆ ಹಿಂದೆ ಹೆಂಗಸರೇ ನೋಡೋದು. ಬೆಳ್ಳಿ ಉಡಿದಾರಕ್ಕೆ ಆ ಕೈ ಯಂತ್ರ ಕುಂಯ್ ಅಂದಿತು, ಆಕೆ ಸೊಂಟ ಮುಟ್ಟಿ ನೋಡಿ ನಕ್ಕು ಕಳಿಸಿದರು. ಅಜ್ಜಿ ಕೊಟ್ಟ ಬೆಳ್ಳಿ ಒಳಲೆಯನ್ನು ಮಾತ್ರ ಇದೇನು ಅಂತ ತಿರುಗಿಸಿ ತಿರುಗಿಸಿ ನೋಡಿದರು. ಹಾಲು ಕುಡಿಸೋದು ಅಂತ ಅಭಿನಯ ಮಾಡಿ ತೋರಿಸಬೇಕಾಯಿತು.

ಊಟದ ವಿಷಯ. ರಾಗಿ ಸರಿ ಹಿಟ್ಟು ತಗೊಂಡು ಹೋಗಿ ಬಿಸಿನೀರಲ್ಲಿ ಕಲಸಿ ಕೊಡೋಣ ಅಂದುಕೊಂಡಿದ್ದೆ. ಒಲೆ ಮೇಲೆ ಕುದಿಯದೆ ಸರಿ ಬೇಯಲ್ಲ, ಗಂಟು ಗಂಟು ಹಸಿ ಹಿಟ್ಟು ಆಗುತ್ತೆ. ಕೈಹಿಡಿದಿದ್ದು ಏಲಕ್ಕಿ ಬಾಳೆಹಣ್ಣು. ಸಿಪ್ಪೆ ಬಿಡಿಸಿ ಚಮಚದಲ್ಲಿ ಹಿಸುಕಿದರೆ ಆಯಿತು, ಪಾತ್ರೆ ಬೇಡ.

ಈಗ ವಿಮಾನ. ನಾದಿನಿ ಮತ್ತು ನಾನು ಮಕ್ಕಳ ಜೊತೆ ಒಂದೇ ಸಾಲಿನಲ್ಲಿ, ಒಂದೇ ಬದಿಯಲ್ಲಿ ಕೂರೋಣ ಅಂತ ಇದ್ದೆವು. ಬಿಡಲಿಲ್ಲ. ಒಂದು ಬದಿಯ ಮೂರು ಸೀಟಿನ ಮೇಲೆ ನಾಲ್ಕೇ ಆಕ್ಸಿಜನ್ ಮಾಸ್ಕ್ ಇರುತ್ತಂತೆ, ಹಾಗಾಗಿ ಮೂರು ಸೀಟಿಗೆ ಒಂದೇ ಕೂಸು. ಅವಳು ನಡುದಾರಿಯ ಆಚೆ ಬದಿಗೆ ಹೋದಳು. ನಿಮ್ಮ ಜೊತೆ ಇನ್ನೊಂದು ಎಳೆ ಮಗು ಬರೋದಾದರೆ ಇದು ನೆನಪಿರಲಿ. ನನ್ನ ಬಟ್ಟೆ ಜೋಳಿಗೆಯಲ್ಲಿ ಮಗುವನ್ನು ಕಟ್ಟಿಕೊಂಡೇ ಕೂತಿದ್ದೆ, ಅದನ್ನೂ ಬಿಚ್ಚಿಸಿ, ನನ್ನ ಬೆಲ್ಟಿಗೆ ಸಿಕ್ಕಿಸೋ ಪುಟ್ಟ ಬೆಲ್ಟ್ ಕೊಟ್ಟರು. ಕಿಟಕಿ ಸೀಟು ನನಗೆ, ಮಧ್ಯದ್ದು ನಮ್ಮನೆಯವರಿಗೆ. ಹಾಲು ಕುಡಿಸೋರಿಗೆ ಇದೇ ಸರಿ, ಒಂದು ದುಪಟ್ಟಾ ಹೊದ್ದರೆ ಮನೆಯ ಮೂಲೆಯಷ್ಟು ಮರೆ ಸಿಗುತ್ತೆ.

ಹೊರಡುವಾಗ ಹಾಲು ಕುಡಿಸಬೇಕು ಅಂತ ಓದಿದ್ದೆ, ಕುಡಿಸಿದೆ. ಕುಡಿಯುತ್ತಾ ನಿದ್ದೆ ಹೋದಳು. ಎದ್ದು ಸುಮ್ಮನೆ ಕೊಸರಿದಾಗ ಮತ್ತೆ ಕುಡಿಸಿದೆ. ಮೂರನೇ ಸಲವೂ ಕುಡಿಸಿದೆ, ಯಾಕೆಂದರೆ ಮೂರು ಸಾಲು ಹಿಂದಿನಿಂದ ಮಾವ, "ಮೊಗ ಕುಂಯ್ ಅಂತದೆ, ಹಾಲು ಕುಡ್ಸವ್ವ" ಅಂತ ಇಡೀ ವಿಮಾನಕ್ಕೆ ಕೇಳೋ ಹಾಗೆ ಹೇಳುತ್ತಿದ್ದರು. ಪಕ್ಕದ ಅಪರಿಚಿತರು ಏನಂದುಕೊಳ್ತಾರೋ ಅಂತ ನೀವು ಹೆದರಿದ್ದೀರಿ. ಅಪರಿಚಿತರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದರು, ನನಗೆ ಬೆವರು ಬರಿಸಿದ್ದು ನಮ್ಮ ಮಾವ.

ಇಳಿಯೋಕೆ ಅರ್ಧ ಗಂಟೆ ಇದೆ ಅನ್ನುವಾಗ ನಿಜವಾದ ಅಳು ಶುರುವಾಯಿತು. ಕಿವಿ ನೋವು. ಚಾಮುಂಡಿ ಬೆಟ್ಟ ಇಳಿಯುವಾಗ ನಮಗೂ ಕಿವಿ ಕಟ್ಟುತ್ತಲ್ಲ, ಅದೇ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರೋ ಅಷ್ಟಿರುತ್ತೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಹಾಗೆ. ಅಲ್ಲಿಂದ ಅರ್ಧ ಗಂಟೆಯಲ್ಲಿ ಕೆಳಗೆ ಬಂದರೆ ಹೊರಗಿನ ಒತ್ತಡ ಏರಿ ಕಿವಿಯ ತಮಟೆ ಒಳಕ್ಕೆ ಒತ್ತಿಕೊಳ್ಳುತ್ತೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗೋ ಸಣ್ಣ ನಾಳ ತೆರೆದುಕೊಂಡರೆ ಎರಡೂ ಕಡೆ ಸಮ ಆಗುತ್ತೆ. ಅದು ತೆರೆಯೋದು ನುಂಗಿದಾಗ, ಆಕಳಿಸಿದಾಗ. ನಾವು ಉಗುಳು ನುಂಗ್ತೀವಿ, ಮಗುವಿಗೆ ಹೇಳಿದರೆ ಗೊತ್ತಾಗುತ್ತಾ? ಹಾಲು ಕುಡಿದರೆ ನುಂಗುತ್ತೆ. ಆದರೆ ಆ ಹೊತ್ತಿಗೆ ನನ್ನ ಮಗಳ ಹೊಟ್ಟೆ ಮೂರು ಸಲ ತುಂಬಿತ್ತು, ಬಾಯೇ ಇಡಲಿಲ್ಲ. ಇಪ್ಪತ್ತು ನಿಮಿಷ ಕಿರುಚಿದಳು. ಕೊನೆಗೆ ಒಳಲೆಯಲ್ಲಿ ನೀರು ತೊಟ್ಟು ತೊಟ್ಟಾಗಿ ಹಾಕಿ ನುಂಗಿಸಿದೆ, ಚಕ್ರ ನೆಲ ಮುಟ್ಟೋ ಹೊತ್ತಿಗೆ ಸುಮ್ಮನಾದಳು.

ಹೊರಡುವಾಗಿನದಕ್ಕಿಂತ ಇಳಿಯುವಾಗಿನದೇ ಮುಖ್ಯ. ಹೊರಡುವಾಗ ಮಗು ನಿದ್ದೆಯಲ್ಲಿದ್ದರೆ ಎಬ್ಬಿಸಬೇಡಿ. ಬೆಂಗಳೂರಿನಿಂದ ದೆಹಲಿಗೆ ಎರಡೂ ಮುಕ್ಕಾಲು ಗಂಟೆ, ಎರಡು ಗಂಟೆ ಆಗೋವರೆಗೆ ಆಟ, ಬಾಳೆಹಣ್ಣು, ಕಾಗದ ಹರಿಯೋದು, ಅಪ್ಪನ ಕನ್ನಡಕ ಕೀಳೋದು ಏನಾದರೂ ಮಾಡಿಸಿ ಹಾಲನ್ನು ಉಳಿಸಿಕೊಳ್ಳಿ. ಹಿಂದಿನ ಸಾಲಿನಿಂದ ಯಾರು ಏನೇ ಹೇಳಲಿ.

ನೆಗಡಿ ಆಗಿ ಮೂಗು ಕಟ್ಟಿದ್ದರೆ ಆ ನಾಳವೂ ಕಟ್ಟಿರುತ್ತೆ, ನೋವು ಜಾಸ್ತಿ. ಹೊರಡೋ ಎರಡು ದಿನ ಮುಂಚೆ ನೆಗಡಿ, ಜ್ವರ ಏನಾದರೂ ಕಂಡರೆ ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿಯೇ ಹೊರಡಿ. ಇನ್ನೊಂದು, ನಿದ್ದೆ ಬರಲಿ ಅಂತ ನೆಗಡಿ ಸಿರಪ್ ಹಾಕಿ ಅಂತ ನಿಮಗೂ ಯಾರಾದರೂ ಹೇಳೇ ಹೇಳ್ತಾರೆ. ನನಗೆ ಪಕ್ಕದ ಮನೆಯವರು ಹೇಳಿದ್ದರು. ಡಾಕ್ಟರನ್ನು ಕೇಳಿದ್ದಕ್ಕೆ ಚೆನ್ನಾಗಿ ಬೈದರು. ಇಷ್ಟು ಚಿಕ್ಕ ಮಗುವಿಗೆ ಅದು ಅಪಾಯ, ಅಲ್ಲದೆ ಕೆಲವು ಮಕ್ಕಳು ಅದರಿಂದ ನಿದ್ದೆ ಮಾಡೋ ಬದಲು ಇನ್ನಷ್ಟು ಕೆರಳುತ್ತಾರಂತೆ.

ದೆಹಲಿ ಬಗ್ಗೆ ಉದ್ದಕ್ಕೆ ಬರೆಯಲ್ಲ. ನಮ್ಮನೆಯವರ ಪಟ್ಟಿಯಲ್ಲಿ ದಿನಕ್ಕೆ ಐದು ಜಾಗ ಇತ್ತು, ಆಗಿದ್ದು ಒಂದೂವರೆ. ಮಗು ಮಲಗಿದಾಗ ಒಬ್ಬರು ರೂಮಿನಲ್ಲಿ ಉಳಿಯಬೇಕು, ಅದು ಪ್ರತಿ ಸಲ ನಾನೇ ಆಗಬೇಕಾ ಅನ್ನೋದಕ್ಕೆ ಮೂರನೇ ದಿನ ಒಂದು ಸಣ್ಣ ಜಗಳ ಆಯಿತು. ಅದನ್ನು ನೀವು ಊರು ಬಿಡೋ ಮೊದಲೇ ಆಡಿ ಮುಗಿಸಿ. ಆಗ್ರಾಗೆ ಹೋಗೋದಿದ್ದರೆ ಶುಕ್ರವಾರ ಬೇಡ, ಆ ದಿನ ತಾಜ್‌ಮಹಲ್ ಮುಚ್ಚಿರುತ್ತೆ.

ವಾಪಸ್ ಬರುವಾಗ ಬುದ್ಧಿ ಬಂದಿತ್ತು. ಸಂಜೆ ಬೆಂಗಳೂರಲ್ಲಿ ಇಳಿದವರು ಅದೇ ರಾತ್ರಿ ಮೈಸೂರಿಗೆ ಓಡಲಿಲ್ಲ. ಯಲಹಂಕದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿ ಉಳಿದು, ಮಗಳಿಗೆ ಬಿಸಿನೀರು ಸ್ನಾನ ಮಾಡಿಸಿ, ಚಿಕ್ಕಮ್ಮ ಒಲೆ ಮೇಲೆ ಕಾಸಿದ ರಾಗಿ ಸರಿ ತಿನ್ನಿಸಿ ಬೆಳಗ್ಗೆ ಹೊರಟೆವು. ಕೆಂಗೇರಿಯಲ್ಲಿ ಮಲಗಿದವಳು ಗಣಂಗೂರು ಟೋಲಿನಲ್ಲಿ ಎದ್ದಳು. ನಿಮಗೆ ಬೆಂಗಳೂರಲ್ಲಿ ನೆಂಟರಿದ್ದರೆ ಹೋಗುವಾಗಲೂ ಹಿಂದಿನ ರಾತ್ರಿ ಅಲ್ಲೇ ಉಳಿಯಬಹುದು. ಆಗ ಬೆಳಗಿನ ವಿಮಾನವಾದರೂ ಪರವಾಗಿಲ್ಲ, ಮಂಜಿನದ್ದೊಂದು ಬಿಟ್ಟರೆ.

ಊರಿಗೆ ಬಂದ ಮೇಲೆ ಮಾವ ಜಗಲಿ ಮೇಲೆ ಕೂತು, ಬಂದವರಿಗೆಲ್ಲ ವಿಮಾನದ ಕಥೆ ಹೇಳುತ್ತಿದ್ದರು. "ನಮ್ ಮೊಗ ಒಂಚೂರೂ ಅಳ್ನಿಲ್ಲ ಕಣ್ರಪ್ಪಾ."