ಒಂದೇ ಬ್ಯಾಗ್‌ನಲ್ಲಿ ವಿಮಾನ ಪ್ರಯಾಣ ಮಾಡಲು ಎಂಥ ಬ್ಯಾಕ್‌ಪ್ಯಾಕ್ ತಗೊಳ್ಳಬೇಕು?

ಬ್ಯಾಗ್‌ನಲ್ಲಿ ಎಷ್ಟು ಹಿಡಿಯುತ್ತದೆ ಎನ್ನುವ ಲೀಟರ್ ಲೆಕ್ಕ ಆಮೇಲೆ, ಮೊದಲು ಅಳತೆ ನೋಡಿ. ವಿಮಾನದೊಳಗೆ ಜೊತೆಗೆ ಒಯ್ಯುವ ಬ್ಯಾಗ್‌ಗೆ ಹಲವು ಕಂಪನಿಗಳ ಮಿತಿ ಸುಮಾರು 55 × 40 × 20 ಸೆಂ.ಮೀ., ತೂಕ 7ರಿಂದ 10 ಕೆಜಿ. ಮಿತಿ 7 ಇದ್ದು ಖಾಲಿ ಬ್ಯಾಗೇ 2 ಕೆಜಿ ತೂಗಿದರೆ ಸಾಮಾನಿಗೆ ಉಳಿಯುವುದು ಐದೇ. ಒಂದೂವರೆ ಕೆಜಿ ಒಳಗಿನದನ್ನೇ ಹುಡುಕಿ.

30ರಿಂದ 35 ಲೀಟರ್ ಸಾಕು. ಜಾಸ್ತಿ ಜಾಗ ಇದ್ದರೆ ಸುಮ್ನೆ ತುಂಬುತ್ತಾ ಹೋಗುತ್ತೇವೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಮುಂದಿನ ಜೇಬಿಗೆ ತುರುಕಿದ ಜಾಕೆಟ್‌ನಿಂದ ಬ್ಯಾಗ್ ಉಬ್ಬಿ, ಗೇಟಿನಲ್ಲಿದ್ದ ಅಳತೆ ಚೌಕಟ್ಟಿಗೆ ಇಳಿಯಲೇ ಇಲ್ಲ. ಕೊನೆಗೆ ಜಾಕೆಟ್ ಹಾಕಿಕೊಂಡು, ಬೆವರುತ್ತಾ ವಿಮಾನ ಹತ್ತಿದೆ.

ಸೂಟ್‌ಕೇಸಿನಂತೆ ಪೂರ್ತಿ ತೆರೆಯುವ ಜಿಪ್ ಇರಲಿ. ಮೇಲಿನಿಂದ ಮಾತ್ರ ತೆರೆಯುವುದಾದರೆ ಒಂದು ಸಾಕ್ಸಿಗೂ ಎಲ್ಲ ಹೊರಗೆ ಸುರಿಯಬೇಕು. ಕೊಳ್ಳುವ ಮುಂಚೆ ಒಳಗೆ ತೂಕ ಹಾಕಿ, ಹೆಗಲಿಗೇರಿಸಿ ಹತ್ತು ನಿಮಿಷ ನಡೆದು ನೋಡಿ.