ಬ್ಯಾಂಡ್ ಬದಲಾದರೆ ಅದು ಮೋಸವೇ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಉಲ್ವರ್ ಬ್ಯಾಂಡನ್ನು ಅಷ್ಟೊಂದು ಹೊಗಳಿದ್ದು ಸರಿ ಅನಿಸಲಿಲ್ಲ. ಮೊದಲ ಮೂರು ಆಲ್ಬಂ ಆದಮೇಲೆ ಅವರು ಬ್ಲ್ಯಾಕ್ ಮೆಟಲ್ ಬಿಟ್ಟೇಬಿಟ್ಟರು. ಡಾರ್ಕ್‌ಥ್ರೋನ್ ಕೂಡ ಈಗ ಹಳೆಯ ಡಾರ್ಕ್‌ಥ್ರೋನ್ ಅಲ್ಲ. ಹೆಸರು ಅದೇ, ಹಾಡು ಬೇರೆ. ಇದು ಕೇಳುಗರಿಗೆ ಮಾಡುವ ಮೋಸ ಅಲ್ವಾ? ಬದಲಾಗುವುದಿದ್ದರೆ ಹೆಸರನ್ನೂ ಬದಲಿಸಲಿ."
– ಜಮಖಂಡಿಯ ಓದುಗ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ

ಸಂಪಾದಕರ ಉತ್ತರ:

ತಮ್ಮಾ, ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಆ ಸಿಟ್ಟು ನನಗೆ ಇಷ್ಟವಾಯಿತು. ಮನಸಾರೆ ಕೇಳಿದವರಿಗೆ ಮಾತ್ರ ಇಷ್ಟು ಸಿಟ್ಟು ಬರುತ್ತದೆ. ಆದರೆ ಮೋಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ.

ಈ ಸಂಗೀತ ಕೇಳದ ಓದುಗರಿಗೆ ಎರಡು ಮಾತು. 1982ರಲ್ಲಿ ಇಂಗ್ಲೆಂಡಿನ ವೆನಮ್ ಬ್ಯಾಂಡ್ ತನ್ನ ಆಲ್ಬಮ್ಮಿಗೆ 'ಬ್ಲ್ಯಾಕ್ ಮೆಟಲ್' ಅಂತ ಹೆಸರಿಟ್ಟಿತು. ಹೆಸರು ಅಲ್ಲಿಂದ ಬಂತು. ಈಗ ನಾವು ಕೇಳುವ ರೂಪ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾರ್ವೆಯಲ್ಲಿ. ಗಿಟಾರಿನ ಪಿಕ್ ತಂತಿಯ ಮೇಲೆ ಬಿಡುವಿಲ್ಲದೆ ಮೇಲೆ ಕೆಳಗೆ ಓಡುತ್ತದೆ. ಬಿಡಿ ಸ್ವರ ಕಿವಿಗೆ ಸಿಗುವುದಿಲ್ಲ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಒಂದೇ ಮೊರೆತ. ಅದರ ಒಳಗೆ ಎಲ್ಲೋ ಒಂದು ದುಃಖದ ರಾಗ ನಿಧಾನಕ್ಕೆ ಸಾಗುತ್ತಿರುತ್ತದೆ. ಮೇಲೆ ಡ್ರಮ್ಸ್ ಹೊಡೆತ, ಗಂಟಲು ಹರಿಯುವ ಕೂಗು. ರೆಕಾರ್ಡಿಂಗ್ ಬೇಕಂತಲೇ ಒರಟು. ಮೊದಲ ಸಲ ಕೇಳಿದವರಿಗೆ ಕ್ಯಾಸೆಟ್ ಕೆಟ್ಟಿದೆ ಅನಿಸಬಹುದು. ಹಿಡಿಸಿದವರಿಗೆ ಅದು ಬಿಡುವುದಿಲ್ಲ.

ನಿಮ್ಮ ಮಾತು ಪೂರ್ತಿ ಸುಳ್ಳು ಅಂತಲ್ಲ. ಮಾರುಕಟ್ಟೆ ನೋಡಿ ದಾರಿ ಬದಲಿಸುವ ಬ್ಯಾಂಡ್‌ಗಳು ಹಿಂದೆಯೂ ಇದ್ದವು, ಈಗಲೂ ಇವೆ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ನಿಮ್ಮ ಡಾರ್ಕ್‌ಥ್ರೋನ್ ತೆಗೆದುಕೊಳ್ಳಿ. ಅವರ ಮೊದಲ ಆಲ್ಬಂ ಬ್ಲ್ಯಾಕ್ ಮೆಟಲ್ ಅಲ್ಲವೇ ಅಲ್ಲ. 1991ರ 'ಸೋಲ್‌ಸೈಡ್ ಜರ್ನಿ' ಅಪ್ಪಟ ಡೆತ್ ಮೆಟಲ್, ಅಂದರೆ ಗಂಟಲಾಳದಿಂದ ಗುರುಗುಟ್ಟಿ ಹಾಡುವ, ಭಾರವಾದ ಸದ್ದಿನ ಬೇರೆಯೇ ಪ್ರಕಾರ. ರೆಕಾರ್ಡ್ ಆಗಿದ್ದು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ. ಆ ಕಾಲಕ್ಕೆ ಸ್ವೀಡನ್ನಿನ ಡೆತ್ ಮೆಟಲ್ ಅಂದರೆ ಆ ಸ್ಟುಡಿಯೋ. ಇಂಗ್ಲೆಂಡಿನ ಪೀಸ್‌ವಿಲ್ ಕಂಪನಿ ಅದನ್ನು ಹೊರತಂದಿತು. ಮುಂದಿನದೂ ಹಾಗೇ ಇರುತ್ತದೆ ಅಂತ ಕಂಪನಿ ನಂಬಿತ್ತು. ಹುಡುಗರು 1992ರಲ್ಲಿ ಕೊಟ್ಟದ್ದು 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ'. ಕಂಪನಿಯವರು ಹೌಹಾರಿದರು. ಬಾಸ್ ಗಿಟಾರ್ ನುಡಿಸುವವನಿಗೆ ಈ ಹೊಸ ದಾರಿ ಹಿಡಿಸಲಿಲ್ಲ, ಅವನು ಬ್ಯಾಂಡ್ ಬಿಟ್ಟ. ನೀವು ತಲೆ ಮೇಲೆ ಹೊತ್ತುಕೊಂಡಿರುವ ಡಾರ್ಕ್‌ಥ್ರೋನ್ ಹುಟ್ಟಿದ್ದೇ ಹಾಗೆ. ಮೊದಲ ಆಲ್ಬಂ ಇಷ್ಟಪಟ್ಟ ಯಾರಾದರೂ ಆಗ ನಿಮ್ಮ ಹಾಗೇ ಪತ್ರ ಬರೆದು, ಇವರು ಆ ಮಾತು ಕೇಳಿ ಹೆಸರು ಬದಲಿಸಿದ್ದರೆ ನಿಮ್ಮ ಕೈಗೆ ಏನು ಸಿಗುತ್ತಿತ್ತು?

1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಬರುವ ಹೊತ್ತಿಗೆ ಬ್ಯಾಂಡಿನ ಫೆನ್ರಿಜ್ ಒಬ್ಬನೇ ಎಲ್ಲ ವಾದ್ಯ ನುಡಿಸಿ, ಸಣ್ಣ ನಾಲ್ಕು ಟ್ರ್ಯಾಕ್ ಯಂತ್ರದಲ್ಲಿ ರೆಕಾರ್ಡ್ ಮಾಡುತ್ತಿದ್ದ. ಜೊತೆಗಾರ ನಾಕ್ಟರ್ನೊ ಕುಲ್ಟೊ ಅದಕ್ಕೆ ದನಿ ಕೊಟ್ಟ. ದುಡ್ಡಿನ ಆಸೆ ಇದ್ದವರು ಮಾಡುವ ಕೆಲಸವಾ ಇದು? 2006ರಲ್ಲಿ ಅದೇ ಇಬ್ಬರು ಪಂಕ್ ಅನ್ನುವ ಸರಳ, ಬಿರುಸಿನ ರಾಕ್ ಸಂಗೀತದ ಕಡೆ ಹೊರಳಿದರು. ಆಗಲೂ ಸ್ವಂತ ಕೆಲಸ, ಆಗಲೂ ಒರಟು ಸದ್ದು. ಹುಡುಗರಾಗಿದ್ದಾಗ ಕೇಳಿದ್ದನ್ನು ದೊಡ್ಡವರಾಗಿ ನುಡಿಸಿದರು, ಅಷ್ಟೇ.

ಇನ್ನು ಉಲ್ವರ್. ಮೊದಲ ಮೂರು ಆಲ್ಬಂ ಚೆನ್ನ, ಆಮೇಲೆ ಕೆಟ್ಟರು ಅಂತೀರಿ. ಆ ಮೂರರಲ್ಲಿ ನಡುವಿನದು ಯಾವುದು? 1996ರ 'ಕ್ವೆಲ್ಡ್‌ಸಾಂಗರ್'. ಅದರಲ್ಲಿ ಕೂಗಿಲ್ಲ, ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಇಲ್ಲ. ಅಕೌಸ್ಟಿಕ್ ಗಿಟಾರು, ಚೆಲ್ಲೊ, ಒಂದರ ಮೇಲೊಂದು ಪದರ ಇಟ್ಟ ಮೆತ್ತನೆಯ ದನಿಗಳು. ಮರುವರ್ಷವೇ 'ನಾಟೆನ್ಸ್ ಮಾದ್ರಿಗಾಲ್', ಕಿವಿ ಕೊರೆಯುವಷ್ಟು ಕಚ್ಚಾ. ಅಂದರೆ ನೀವು ಮೆಚ್ಚಿದ ಆ ಮೂರೂ ಒಂದರ ಹಾಗೆ ಇನ್ನೊಂದಿಲ್ಲ. 1998ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಕಡೆ ಹೋದಾಗ ಅವರು ಹೊಸದೇನೂ ಮಾಡಲಿಲ್ಲ. ಮೊದಲಿನಿಂದ ಮಾಡುತ್ತಿದ್ದುದನ್ನೇ ಮುಂದುವರಿಸಿದರು. ಆ 'ಕ್ವೆಲ್ಡ್‌ಸಾಂಗರ್' ಅನ್ನು ರಾತ್ರಿ ದೀಪ ಆರಿಸಿ ಇನ್ನೊಮ್ಮೆ ಕೇಳಿ. ಬರೀ ಪಟ್ಟಿ ನೋಡಿ ಬೈಯುವುದು ಬೇಡ.

ಸ್ವೀಡನ್ನಿನ ಬಾಥೊರಿ ಬ್ಯಾಂಡ್ ನೋಡಿ. 1984ರಿಂದ 1987ರವರೆಗೆ ಅದರ ನಾಯಕ ಕ್ವೋರ್ಥನ್ ಮಾಡಿದ ಮೂರು ಆಲ್ಬಂ ಕೇಳಿಯೇ ನಾರ್ವೆಯ ಹುಡುಗರು ಬ್ಲ್ಯಾಕ್ ಮೆಟಲ್ ಕಲಿತರು. 1988ರಲ್ಲಿ ಆತ ನಿಧಾನಕ್ಕೆ ಬೇರೆ ಕಡೆ ತಿರುಗಿದ. 1990ರ 'ಹ್ಯಾಮರ್‌ಹಾರ್ಟ್' ಹೊತ್ತಿಗೆ ವೇಗ ಇಳಿದಿತ್ತು, ಹಿಂದೆ ಗುಂಪುಗಾಯನ ಬಂದಿತ್ತು, ಹಳೆಯ ವೈಕಿಂಗರ ಕಥೆಗಳು ಬಂದಿದ್ದವು. ಆತ ಕೂಗುವುದು ಬಿಟ್ಟು ದನಿ ಬಿಡಿಸಿ ಹಾಡಿದ. ದನಿ ಅಲ್ಲಲ್ಲಿ ಸ್ವರ ಮುಟ್ಟುವುದಿಲ್ಲ, ಆದರೂ ಹಾಡು ಎದೆಗೆ ತಾಗುತ್ತದೆ. ಜನ ಅದನ್ನು ವೈಕಿಂಗ್ ಮೆಟಲ್ ಅಂತ ಕರೆದರು. 2004ರಲ್ಲಿ ತೀರಿಕೊಂಡಾಗ ಆತನಿಗೆ 38 ವರ್ಷ. ಒಬ್ಬ ಮನುಷ್ಯ, ಎರಡು ಪರಂಪರೆ. 1987ಕ್ಕೇ ನಿಲ್ಲು ಅಂದಿದ್ದರೆ ಎರಡನೆಯದು ಇರುತ್ತಿರಲಿಲ್ಲ.

ನಾರ್ವೆಯದೇ ಎನ್‌ಸ್ಲೇವ್ಡ್ ಬ್ಯಾಂಡ್ ಶುರುವಾದಾಗ ಅದರ ಗಿಟಾರಿನವನು ಐವಾರ್ ಬ್ಯೋರ್ನ್‌ಸನ್‌ಗೆ 13 ವರ್ಷ. ಆ ಹುಡುಗ ನಲವತ್ತು ದಾಟಿದ ಮೇಲೂ 13ರ ಕೈಯಲ್ಲೇ ನುಡಿಸಬೇಕು ಅನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಯಾರು ಅಸಲಿ, ಯಾರು ನಕಲಿ ಅನ್ನುವ ಲೆಕ್ಕ ಆ ನಾರ್ವೆಯ ಗುಂಪಿನಲ್ಲಿ ಬಹಳ ಜೋರಾಗಿತ್ತು. 1992ರ ಜೂನ್‌ನಲ್ಲಿ ಬರ್ಗನ್ ಹತ್ತಿರದ ಫಾಂಟಾಫ್ಟ್ ಚರ್ಚಿಗೆ ಬೆಂಕಿ ಬಿತ್ತು, ಬೇರೆ ಚರ್ಚುಗಳೂ ಸುಟ್ಟವು; ಕೆಲವಕ್ಕೆ ಬೆಂಕಿ ಹಚ್ಚಿದ್ದು ಆ ಗುಂಪಿನವರೇ. 1993ರ ಆಗಸ್ಟ್‌ನಲ್ಲಿ ಮೇಹೆಮ್ ಬ್ಯಾಂಡಿನ ಗಿಟಾರಿನವನು ಯೂರಾನಿಮಸ್ ಕೊಲೆಯಾದ. ಕೊಂದವನು ಬರ್ಜಮ್ ಅನ್ನುವ ಒಬ್ಬನೇ ಇದ್ದ ಬ್ಯಾಂಡಿನ ವಾರ್ಗ್ ವಿಕರ್ನೆಸ್; ಅವನಿಗೆ ಮರುವರ್ಷ 21 ವರ್ಷ ಶಿಕ್ಷೆಯಾಯಿತು. ಸಂಗೀತ ಕೊಲೆ ಮಾಡಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ನಾವೇ ನಿಜವಾದವರು, ಉಳಿದವರು ಸುಳ್ಳು ಅನ್ನುವ ಆ ಗಾಳಿ ಒಳ್ಳೆಯದಾಗಿರಲಿಲ್ಲ. ಅದರಿಂದ ಹೊರಗೆ ಬಂದು ಹೊಸ ಹಾಡು ಕಟ್ಟಿದವರನ್ನು ನಾನು ಗೌರವಿಸುತ್ತೇನೆ.

ನಾರ್ವೆಯ ತನಕ ಯಾಕೆ ಹೋಗಬೇಕು? ನೀವು ಓದುವ ಊರಿನ ಪಕ್ಕದಲ್ಲೇ ಸುಳೇಭಾವಿ ಇದೆ. 1924ರಲ್ಲಿ ಅಲ್ಲಿ ಶಿವಪುತ್ರ ಕೋಮಕಾಳಿಮಠ ಹುಟ್ಟಿದರು. ಚಿಕ್ಕ ಹುಡುಗ ದೊಡ್ಡ ಉಸ್ತಾದರ ಗ್ರಾಮೊಫೋನ್ ರೆಕಾರ್ಡುಗಳನ್ನು ಕೇಳಿ ಹಾಗೇ ಹಾಡುತ್ತಿದ್ದ. ಜನ ಮೈಮರೆತು ಚಪ್ಪಾಳೆ ಹೊಡೆದರು. ಆ ಹುಡುಗನೇ ಕುಮಾರ ಗಂಧರ್ವ. ಮುಂದೆ ಕ್ಷಯ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ಹಾಸಿಗೆ ಹಿಡಿದು ವರ್ಷಗಟ್ಟಲೆ ಮಲಗಿದರು, ಹಾಡಬಾರದು ಅಂದಿದ್ದರು ಡಾಕ್ಟರು. ಮಲಗಿದಲ್ಲೇ ಮಾಳವದ ಜನ ಹಾಡುವ ಪದಗಳನ್ನು ಕೇಳಿಸಿಕೊಂಡರು. ಎದ್ದು ಬಂದು ಹಾಡಿದಾಗ ಅದು ಹಳೆಯ ಹಾಡಲ್ಲ. ಸಣ್ಣ ಸಣ್ಣ ತುಣುಕು, ನಡುವೆ ನಿಶ್ಶಬ್ದ, ಫಟ್ ಅಂತ ಮೇಲಿನ ಷಡ್ಜಕ್ಕೆ ಹಾರುವ ದನಿ. ಜನಪದ ಧಾಟಿಗಳಿಂದ ಹೊಸ ರಾಗ ಕಟ್ಟಿದರು, ಕಬೀರನ ನಿರ್ಗುಣ ಪದಗಳನ್ನು ಎತ್ತಿಕೊಂಡರು. ಇದು ಯಾವ ಘರಾಣೆ ಅಂತ ಶಾಸ್ತ್ರದವರು ತಕರಾರು ತೆಗೆದರು. ಗಮನಿಸಿ. ಬೇರೆಯವರ ಹಾಡನ್ನು ಹಾಗೇ ಹಾಡಿದಾಗ ಚಪ್ಪಾಳೆ, ತನ್ನದನ್ನು ಹಾಡಿದಾಗ ತಕರಾರು.

ಈ ರೋಗ ನಮ್ಮಲ್ಲಿ ಇನ್ನೂ ಇದೆ. ನಮ್ಮ ಕಡೆ ಹಾಡುವವರಿಗೆ ಸಿಗುವ ದೊಡ್ಡ ಹೊಗಳಿಕೆ ಏನು? "ಥೇಟ್ ಕ್ಯಾಸೆಟ್ ಹಾಂಗ ಹಾಡ್ತಾನ್ರಿ!" ಟಿವಿಯ ಹಾಡಿನ ಸ್ಪರ್ಧೆಗಳು ಇದನ್ನು ಇನ್ನೂ ಜಾಸ್ತಿ ಮಾಡಿವೆ. ಇಲ್ಲಿಯ ಒಂದು ಕಾಲೇಜಿನ ಗ್ಯಾದರಿಂಗ್‌ನಲ್ಲಿ ನಾಲ್ಕು ಹುಡುಗರು ತಾವೇ ಕನ್ನಡದಲ್ಲಿ ಬರೆದ ಮೆಟಲ್ ಹಾಡು ನುಡಿಸುತ್ತಿದ್ದರು. ಹಾಡು ಅರ್ಧಕ್ಕೆ ಬಂದಿರಲಿಲ್ಲ, ವ್ಯವಸ್ಥೆ ನೋಡಿಕೊಳ್ಳುವವರೊಬ್ಬರು ವೇದಿಕೆಯ ಪಕ್ಕಕ್ಕೆ ಬಂದು "ಗೊತ್ತಿದ್ದ ಹಾಡ ಹೊಡೀರೋ" ಅಂದರು. ಡ್ರಮ್ಸ್ ಹುಡುಗ ಕಡ್ಡಿಗಳನ್ನು ಸ್ನೇರ್ ಮೇಲೆ ಜೋಡಿಸಿಟ್ಟು ತಲೆ ತಗ್ಗಿಸಿದ. ಗಿಟಾರಿನವನು ಒಂದು ಸಿನಿಮಾ ಹಾಡಿನ ಮೊದಲ ಕಾರ್ಡ್ ಹಿಡಿದ. ಇಡೀ ಪೆಂಡಾಲು ಸಿಳ್ಳೆ. ನನಗೆ ಅಲ್ಲಿ ಕೂರಲು ಆಗಲಿಲ್ಲ. ಗಣಪತಿ ಹಬ್ಬದ ಮೆರವಣಿಗೆಯಲ್ಲಿ ಗೋಡೆ ನಡುಗುವಷ್ಟು ಡಿಜೆ ಹಾಕಲು ದುಡ್ಡಿದೆ. ಸ್ವಂತ ಹಾಡು ಕಟ್ಟಿದ ಹುಡುಗರಿಗೆ ಒಂದು ತಾಸಿನ ಜಾಗ ಇಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟ ನಮ್ಮ ಭಾಗದ ಹೆಮ್ಮೆ ಅಂತ ಭಾಷಣ ಮಾಡುತ್ತೇವೆ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಬೆಳೆಸಿ ಬಯಲಿಗೆ ತಂದರು. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದರು. ಕೈಯಿಂದ ಕೈಗೆ ಹೋದಂತೆ ಬದಲಾಗಿದ್ದಕ್ಕೇ ಅದು ಇಲ್ಲಿಯ ತನಕ ಬಂತು. ಆಗ ಯಾರೂ ಹೆಸರು ಬದಲಿಸಿ ಅನ್ನಲಿಲ್ಲ.

ಪತ್ರದ ಕೊನೆಯಲ್ಲಿ ನಿಮ್ಮದೂ ಒಂದು ಬ್ಯಾಂಡ್ ಇದೆ, 1992–94ರ ಹಾಡುಗಳನ್ನು ಮಾತ್ರ ನುಡಿಸುತ್ತೀರಿ, ಕನ್ನಡದಲ್ಲಿ ಬರೆದರೆ ಈ ಸಂಗೀತಕ್ಕೆ ಹೊಂದುತ್ತದಾ ಅಂತ ಕೇಳಿದ್ದೀರಿ. ಹೊಂದುತ್ತದೆ. ಬೆಂಗಳೂರಿನ ದ್ವೇಷ ಬ್ಯಾಂಡ್ ಕನ್ನಡದಲ್ಲೇ ಡೆತ್ ಮೆಟಲ್ ಹಾಡಿ 2014ರಲ್ಲಿ 'ಸ್ತೂಪ' ಆಲ್ಬಂ ತಂದಿದೆ, ಕೇಳಿ ನೋಡಿ. ಹಳೆಯ ಹಾಡುಗಳನ್ನು ಬಿಡಬೇಡಿ, ಕೈ ಪಳಗುವುದು ಅವುಗಳಿಂದಲೇ. ಆದರೆ ಬರುವ ದೀಪಾವಳಿಯೊಳಗೆ ಒಂದು ಸ್ವಂತ ಹಾಡು ಮುಗಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸಾಕು. ಹಾಡನ್ನೂ ಸಾಹಿತ್ಯವನ್ನೂ ಕಚೇರಿಗೆ ಕಳಿಸಿ. ಸಾಹಿತ್ಯ ಪತ್ರಿಕೆಯಲ್ಲಿ ಹಾಕುತ್ತೇನೆ, ಹಾಡಿನ ಬಗ್ಗೆ ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ.