ಅಪ್ಪನ ಹಾಲಿನ ಲೆಕ್ಕ ಸಂಜೆಗೆ ಮಾತ್ರ ತಪ್ಪುತ್ತಿತ್ತು

ನಿಮ್ಮ ತಾಯಿಗೆ 74. ಸಂಜೆ 7ಕ್ಕೇ ತೂಕಡಿಸುತ್ತಾರೆ, ರಾತ್ರಿ 3ಕ್ಕೆ ಎದ್ದು ಕೂರುತ್ತಾರೆ, ಈಚೆಗೆ ಮರೆವೂ ಜಾಸ್ತಿ. ಇವೆರಡಕ್ಕೂ ಸಂಬಂಧ ಇದೆಯಾ, ನಿದ್ದೆ ಮಾತ್ರೆ ಕೊಡಬಹುದಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೂತು ಇದೇ ಪಾಡು ಪಟ್ಟವನು. ಸಂಬಂಧ ಇದೆ. ಮಾತ್ರೆ ಮಾತ್ರ ಸುಮ್ನೆ ಕೊಡಬೇಡಿ.

ಅಪ್ಪ ಕುಂದಾಪುರದ ಕಡೆಯವರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ 40 ವರ್ಷ ಕೂತವರು. ಈಗ 78. ಮನೆಯ ಹಾಲಿನ ಲೆಕ್ಕ ಅವರದ್ದೇ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಒಂದು ಸಂಜೆ ಹಾಲಿನ ಭಯ್ಯಾಗೆ ಎಷ್ಟು ಕೊಡಬೇಕು ಅಂತ ಕೇಳಿದೆ. ಮೂರು ಸಲ ಕೂಡಿದರು, ಮೂರು ಸಲ ಹೊಡೆದು ಹಾಕಿದರು. ಪೆನ್ನು ಬಿಸಾಕಿ ಎದ್ದೇ ಹೋದರು. ನನಗೆ ಆ ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ 6ಕ್ಕೆ, ಚಹಾಕ್ಕೂ ಮುಂಚೆ, ಕ್ಯಾಲೆಂಡರ್ ನೋಡದೆ ಮೊತ್ತ ಹೇಳಿದರು. ಅತ್ತೆ ಬಂದಾಗ ಎರಡು ದಿನ ಹೆಚ್ಚಿಗೆ ತಗೊಂಡ ಅರ್ಧ ಲೀಟರೂ ಅದರಲ್ಲಿತ್ತು!

ಇದು ನಮ್ಮ ಮನೆಯ ವಿಚಿತ್ರ ಅಲ್ಲ. 1993ರಲ್ಲಿ ಮನೋವಿಜ್ಞಾನಿಗಳಾದ ಸಿಂಥಿಯಾ ಮೇ, ಲಿನ್ ಹ್ಯಾಷರ್ ಮತ್ತು ಜೊತೆಗಾರರು ಹುಡುಗರಿಗೂ ವಯಸ್ಸಾದವರಿಗೂ ಬೇರೆ ಬೇರೆ ಹೊತ್ತಿನಲ್ಲಿ ನೆನಪಿನ ಪರೀಕ್ಷೆ ಕೊಟ್ಟು ನೋಡಿದರು. ಬೆಳಿಗ್ಗೆ ಇಬ್ಬರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಸಂಜೆ ಹೊತ್ತಿಗೆ ಹಿರಿಯರು ತುಂಬಾ ಹಿಂದೆ ಬಿದ್ದರು.

ಕಣ್ಣಿನ ನರಗಳು ಮಿದುಳಿನಲ್ಲಿ ಅಡ್ಡ ಹಾಯುವ ಜಾಗದ ಮೇಲೆ ನಿದ್ದೆ, ಎಚ್ಚರದ ಹೊತ್ತು ನಡೆಸುವ, ಸುಮಾರು 20,000 ಕೋಶಗಳ ಒಂದು ಗಡಿಯಾರ ಇದೆ. ಅದನ್ನು ದಿನಾ ಸರಿಮಾಡುವುದು ಬೆಳಕು, ಅದರಲ್ಲೂ ನೀಲಿ ಬೆಳಕು. ವಯಸ್ಸಾದಂತೆ ಆ ಗಡಿಯಾರ ಮುಂದೆ ಓಡುತ್ತದೆ, ಅಂದರೆ ನಿದ್ದೆಯೂ ಬೇಗ, ಎಚ್ಚರವೂ ಬೇಗ, ಅದರ ಹಿಡಿತವೂ ಸಡಿಲ. ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕು ಒಳಗೆ ಬರುವುದೂ ಕಡಿಮೆ. ಇದರ ಮೇಲೆ ನಮ್ಮ ಪಕ್ಕದ ಹಳೇ ಬಿಲ್ಡಿಂಗ್ ಕೆಡವಿ ಟವರ್ ಎಬ್ಬಿಸಿದರು. ಬಾಲ್ಕನಿಯ ಬಿಸಿಲು ಹೋಯಿತು. ಅಪ್ಪ ದಿನವಿಡೀ ಟ್ಯೂಬ್‌ಲೈಟ್ ಕೆಳಗೆ. ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಹೊರಗೆ ಮೋಡ ಇದ್ದರೂ ಸಾವಿರಗಟ್ಟಲೆ.

ಇನ್ನು ನಿದ್ದೆ. ದಿನದ ಸಂಗತಿಗಳು ನೆನಪಾಗಿ ಗಟ್ಟಿಯಾಗುವುದು ಹೆಚ್ಚಾಗಿ ಗಾಢ ನಿದ್ದೆಯಲ್ಲಿ, ವಯಸ್ಸಾದಾಗ ಕಡಿಮೆಯಾಗುವುದೂ ಅದೇ. ಬ್ರಿಟನ್ನಿನಲ್ಲಿ ಸುಮಾರು 8,000 ಜನರನ್ನು 25 ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಬಂತು. 50–60ರ ವಯಸ್ಸಿನಲ್ಲಿ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗುತ್ತಿದ್ದವರಲ್ಲಿ ಮುಂದೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಹೆಚ್ಚು ಕಂಡಿತು. ಆದರೆ ಉಲ್ಟಾ ಕೂಡ ನಿಜ. ಆ ಕಾಯಿಲೆಯೇ ಎಷ್ಟೋ ವರ್ಷ ಮುಂಚಿನಿಂದ ನಿದ್ದೆ ಕೆಡಿಸಬಹುದು. ಹಾಗಾಗಿ ನಿದ್ದೆಯೇ ಕಾರಣ ಅಂತ ಸೀದಾ ಹೇಳುವಂತಿಲ್ಲ.

ಮಾತ್ರೆ ವಿಷಯದಲ್ಲಿ ತಪ್ಪು ನಮ್ಮದೇ. ಕೆಳಗಿನ ಮೆಡಿಕಲ್‌ನಿಂದ ಅಲರ್ಜಿಯ ಹಳೇ ತರಹದ ಮಾತ್ರೆ ತಂದೆ, ಚೆನ್ನಾಗಿ ನಿದ್ದೆ ಬರುತ್ತದೆ ಅಂದಿದ್ದರು. ನಿದ್ದೆ ಬಂತು. ಮರುದಿನ ಅಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನೇ ಅಂಥ ಮಾತ್ರೆ ತಡೆಯುತ್ತದಂತೆ. ಡಾಕ್ಟರ್ ಬೈದು ನಿಲ್ಲಿಸಿದರು.

ಈಗ ಬೆಳಿಗ್ಗೆ 7ಕ್ಕೆ ಟೆರೇಸಿನಲ್ಲಿ 40 ನಿಮಿಷ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಅದೂ 2ರೊಳಗೆ. ಸಂಜೆ ತೂಕಡಿಸದಂತೆ ಎಲ್ಲ ಲೈಟ್ ಹಾಕಿ 9ರವರೆಗೆ ಇಸ್ಪೀಟು. (ಮೋಸ ಮಾಡುತ್ತಾರೆ, ಅಂದರೆ ತಲೆ ಓಡುತ್ತಿದೆ ಅಲ್ವಾ.) ಎರಡು ತಿಂಗಳಿಗೆ ಏಳುವ ಹೊತ್ತು 3ರಿಂದ ನಾಲ್ಕೂವರೆಗೆ ಬಂತು. ಅಷ್ಟೇ. ಅವರ ಪ್ರಕಾರ ಅದು ಇಡ್ಲಿ ಬೇಯುವ ಹೊತ್ತು, ಏಳಲೇಬೇಕು.

ತಾಯಿ ಬೆಳಿಗ್ಗೆಯೂ ತಡವರಿಸಿದರೆ, ಗೊತ್ತಿರುವ ದಾರಿ ತಪ್ಪಿದರೆ, ಗೊರಕೆಯ ನಡುವೆ ಉಸಿರು ನಿಂತಂತಾದರೆ ಕಾಯಬೇಡಿ, ತೋರಿಸಿ. ಅಪಾಯಿಂಟ್‌ಮೆಂಟ್ ಬೆಳಿಗ್ಗೆಯದ್ದೇ ಕೇಳಿ. ನಮಗೆ ಮೊದಲ ಸಲ ಸಿಕ್ಕಿದ್ದು ರಾತ್ರಿ 8ಕ್ಕೆ, ಅಪ್ಪನಿಗೆ ಅವತ್ತು ಯಾವ ವಾರ ಅನ್ನುವುದೂ ಹೊಳೆಯಲಿಲ್ಲ.